ಮಕ್ಕಳ ದಮ್ಮು: ಪಂಪು, ಸ್ಪೇಸರ್, ಕೂಲರ್ ಮತ್ತು ತೊಗರಿ ರಾಶಿಯ ಧೂಳು

ತೊಗರಿ ರಾಶಿ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಮಕ್ಕಳ ದಮ್ಮಿನವೇ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಗೆ ನಮ್ಮ ಮಕ್ಕಳ ವೈದ್ಯರ ಬಳಗ ಇಲ್ಲಿ ಉತ್ತರಿಸಿದೆ. ಇಲ್ಲಿ ಹೇಳಿದ ಔಷಧದ ಪ್ರಮಾಣಕ್ಕೂ ನಿಮ್ಮ ಮಗುವನ್ನು ನೋಡಿದ ವೈದ್ಯರು ಬರೆದುಕೊಟ್ಟದ್ದಕ್ಕೂ ವ್ಯತ್ಯಾಸ ಇದ್ದರೆ ಅವರದ್ದನ್ನೇ ಪಾಲಿಸಿ.

ನನ್ನ ಮಗಗ ನಾಲ್ಕು ವರ್ಷ. ನೆಗಡಿ ಬಂತಂದ್ರ ಎರಡು ದಿನದಾಗ ಎದಿ ಸುಂಯ್ ಸುಂಯ್ ಅಂತದ, ನಸುಕಿನ್ಯಾಗ ಕೆಮ್ಮಿ ಕೆಮ್ಮಿ ಏಳ್ತಾನ. ಎಕ್ಸ್‌ರೇ ತೆಗಿಸಿದ್ರ ಏನೂ ಇಲ್ಲ ಅಂದ್ರು. ಒಬ್ಬ ಡಾಕ್ಟರ್ ಅಲರ್ಜಿ ಕೆಮ್ಮು ಅಂತಾರ, ಇನ್ನೊಬ್ಬರು ಅಸ್ತಮಾ ಅಂತಾರ. ಯಾವುದು ಖರೆ ರೀ?
— ಒಬ್ಬ ತಾಯಿ, ಜೇವರ್ಗಿ

ಇಬ್ಬರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ, ತಾಯಿ. ಅಸ್ತಮಾ ಅಂದರೆ ಮನೆಯವರು ಹೆದರುತ್ತಾರೆಂದು ಕೆಲವು ವೈದ್ಯರು ಅಲರ್ಜಿ ಕೆಮ್ಮು ಅನ್ನುತ್ತಾರೆ. ನಮಗೆ ಇದು ಸರಿ ಕಾಣುವುದಿಲ್ಲ, ಯಾಕೆಂದರೆ ಕೆಮ್ಮು ನಿಂತ ದಿನವೇ ಮನೆಯಲ್ಲಿ ಔಷಧವೂ ನಿಲ್ಲುತ್ತದೆ.

ಎಕ್ಸ್‌ರೇ ಚೊಕ್ಕ ಇರುವುದು ಸಹಜ. ದಮ್ಮಿನ ತೊಂದರೆ ಇರುವುದು ಸಣ್ಣ ಶ್ವಾಸನಾಳಗಳ ಗೋಡೆಯಲ್ಲಿ, ಅದು ಎಕ್ಸ್‌ರೇಗೆ ಕಾಣುವುದಿಲ್ಲ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಬಾತುಕೊಳ್ಳುತ್ತದೆ, ಅಂಟು ಕಫ ಸೇರಿಕೊಳ್ಳುತ್ತದೆ. ಎಳೆದುಕೊಂಡ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ನೀವು ಕೇಳುವ ಸುಂಯ್ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಿನದು. ಹಸುಗೂಸುಗಳ ಗಂಟಲಲ್ಲಿ ಕಫ ನಿಂತು ಆಗುವ ಗೊರಗೊರ ಬೇರೆ, ಅದಕ್ಕೆ ದಮ್ಮಿನ ಔಷಧ ಬೇಕಾಗುವುದಿಲ್ಲ.

ಐದು ವರ್ಷದೊಳಗಿನ ಮಕ್ಕಳು ಊದುವ ಪರೀಕ್ಷೆಯನ್ನು ಸರಿಯಾಗಿ ಮಾಡಲಾರರು. ಐದಾರು ದಾಟಿದ ಮೇಲೆ ಸ್ಪೈರೋಮೆಟ್ರಿ ಮಾಡಿಸಬಹುದು. ಬಿಗಿದ ನಾಳ ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧ ಕೊಟ್ಟ ಮೇಲೆ ಊದುವ ಶಕ್ತಿ ಶೇಕಡಾ 12 ಅಥವಾ ಹೆಚ್ಚು ಏರಿದರೆ ಅದು ಅಸ್ತಮಾದ ಗುರುತು. ನಿಮ್ಮ ಮಗನ ವಯಸ್ಸಿನಲ್ಲಿ ವೈದ್ಯರು ಕೇಳುವುದು ಇಷ್ಟು: ನೆಗಡಿ ಇಲ್ಲದ ದಿನಗಳಲ್ಲೂ, ಓಡಿದಾಗ, ನಕ್ಕಾಗ, ಅತ್ತಾಗ ಕೆಮ್ಮು ಬರುತ್ತದೆಯೇ? ರಾತ್ರಿ ಎಬ್ಬಿಸುತ್ತದೆಯೇ? ತಂದೆ ತಾಯಿಗೆ ದಮ್ಮು, ಮಗುವಿಗೆ ಚರ್ಮದ ಕಜ್ಜಿ ಅಥವಾ ಸದಾ ಮೂಗು ಕೆರೆಯುವ ಅಲರ್ಜಿ ಇದೆಯೇ? ಇವಕ್ಕೆ ಹೌದು ಎಂದಾದರೆ ಎರಡು ಮೂರು ತಿಂಗಳು ತಡೆಯುವ ಪಂಪು, ಅಂದರೆ ದಮ್ಮು ಬಾರದಂತೆ ದಿನಾ ಎಳೆದುಕೊಳ್ಳುವ ಇನ್‌ಹೇಲರ್, ಕೊಟ್ಟು ನೋಡುತ್ತಾರೆ. ಕೊಟ್ಟಾಗ ಇಳಿದು, ಬಿಟ್ಟಾಗ ಮತ್ತೆ ಬಂದರೆ ಉತ್ತರ ಸಿಕ್ಕಿತು. ಮುಂದಿನ ಸಲ ಸದ್ದು ಬಂದಾಗ ಅಂಗಿ ಬಿಚ್ಚಿ, ಎದೆ ಹೊಟ್ಟೆ ಕಾಣುವಂತೆ ಅರ್ಧ ನಿಮಿಷ ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ದವಾಖಾನೆಗೆ ಹೋಗುವಷ್ಟರಲ್ಲಿ ಸದ್ದು ನಿಂತಿರುತ್ತದೆ, ವೀಡಿಯೊ ಇದ್ದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ.

ಎರಡು ಸಂಗತಿ ಮಾತ್ರ ಮರೆಯಬಾರದು. ಚೆನ್ನಾಗಿ ಆಡುತ್ತಿದ್ದ ಮಗು ಶೇಂಗಾ, ಪುಟಾಣಿ ತಿನ್ನುತ್ತ ಒಮ್ಮೆಲೇ ಕೆಮ್ಮಿ, ಆಮೇಲೆ ಒಂದೇ ಬದಿಯ ಎದೆಯಲ್ಲಿ ಸದ್ದು ಉಳಿದರೆ ಕಾಳು ಶ್ವಾಸನಾಳಕ್ಕೆ ಇಳಿದಿರಬಹುದು. ಅದಕ್ಕೆ ದುರ್ಬೀನು ಹಾಕಿ ತೆಗೆಯಬೇಕು, ಪಂಪಿನಿಂದ ಆಗದು. ಎರಡು ವಾರ ದಾಟಿದ ಕೆಮ್ಮಿನ ಜೊತೆ ಜ್ವರ ಇದ್ದು ತೂಕ ಇಳಿಯುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ, ಮೊದಲು ಕ್ಷಯದ ತಪಾಸಣೆ.

ವೈದ್ಯರು ಎರಡು ಪಂಪು ಕೊಟ್ಟಿದ್ದಾರೆ. ಮಗಳು ಆರಾಮ ಇದ್ದುದರಿಂದ ದಿನಾ ಹಾಕುವುದನ್ನು ಬಿಟ್ಟು, ದಮ್ಮು ಬಂದಾಗ ಮಾತ್ರ ನೀಲಿಯದನ್ನು ಕೊಡುತ್ತೇವೆ. ಪಂಪು ಚಟ ಆಗುತ್ತದೆ, ಒಳಗೆ ಸ್ಟಿರಾಯ್ಡ್ ಇದೆ, ಹುಡುಗಿ ಬೆಳೆಯುವುದಿಲ್ಲ ಎಂದು ಓಣಿಯವರು ಹೇಳುತ್ತಾರೆ.
— ತಂದೆ, ಶಹಾಪುರ

ನೀವು ಬಿಟ್ಟದ್ದೇ ಮುಖ್ಯವಾದ ಪಂಪು. ನೀಲಿಯದರಲ್ಲಿ ಸಾಮಾನ್ಯವಾಗಿ ಇರುವುದು ಸಾಲ್ಬುಟಮಾಲ್, ಒಂದು ಪಫ್‌ಗೆ, ಅಂದರೆ ಒಂದು ಸಲ ಒತ್ತಿದ್ದಕ್ಕೆ, 100 ಮೈಕ್ರೋಗ್ರಾಂ. ಅದು ಬಿಗಿದ ಸ್ನಾಯುವನ್ನು ಐದು ಹತ್ತು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕು ಆರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಬಾತುಕೊಂಡ ಒಳಪದರದ ಮೇಲೆ ಅದರ ಪರಿಣಾಮ ಇಲ್ಲ. ಬಾವು ಇಳಿಸುವುದು ಬುಡೆಸೊನೈಡ್‌ನಂಥ ದಿನಾ ಹಾಕುವ ಔಷಧ. ಅದನ್ನು ಹಾಕಿದ ಕೂಡಲೇ ಏನೂ ಅನ್ನಿಸುವುದಿಲ್ಲ, ಗುಣ ಗೊತ್ತಾಗಲು ವಾರಗಳು ಬೇಕು. ಅದಕ್ಕೇ ಜನ ಇದರಿಂದ ಏನೂ ಆಗಲಿಲ್ಲ ಎಂದು ಬಿಡುತ್ತಾರೆ, ನೀಲಿಯನ್ನು ನಂಬುತ್ತಾರೆ. ಅಂದಹಾಗೆ, ಕಂಪನಿಗೊಂದು ಬಣ್ಣ ಇರುತ್ತದೆ. ಬಣ್ಣ ನೋಡಿ ಅಲ್ಲ, ಡಬ್ಬಿಯ ಮೇಲಿನ ಔಷಧದ ಹೆಸರು ಓದಿ ಗುರುತಿಟ್ಟುಕೊಳ್ಳಿ.

ಸ್ಟಿರಾಯ್ಡ್ ಇದೆ, ನಿಜ. ಪ್ರಮಾಣ ನೋಡಿ. ಬುಡೆಸೊನೈಡ್ ದಿನಕ್ಕೆ 200 ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಮಿನ ಐದರಲ್ಲೊಂದು ಪಾಲು. ತಡೆಯುವ ಪಂಪು ಬಿಟ್ಟು ದಮ್ಮು ಜೋರಾದರೆ ಮಗುವಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ಬಾಯಿಯಿಂದ ಕೊಡಬೇಕಾಗುತ್ತದೆ. ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ, ಮೂರರಿಂದ ಐದು ದಿನ. 15 ಕಿಲೋದ ಮಗುವಿಗೆ ದಿನಕ್ಕೆ ಕನಿಷ್ಠ 15 ಮಿಲಿಗ್ರಾಂ, ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತುವಂಥದ್ದು. ಎರಡು ಔಷಧಗಳ ಶಕ್ತಿ ಒಂದೇ ಅಲ್ಲ, ಹಾಗಾಗಿ ಬರಿ ತೂಕದ ಲೆಕ್ಕ ಪೂರ್ತಿ ನ್ಯಾಯವಲ್ಲ. ಆದರೂ ಯಾವ ಕಡೆ ಹೆದರಬೇಕು ಎನ್ನುವುದು ತಿಳಿಯುತ್ತದೆ. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ದಮ್ಮಿನ ಸಣ್ಣ ಗುಳಿಗೆಗಳಲ್ಲಿ ಇರುವುದು ಅನೇಕ ಸಲ ಇದೇ ಬಗೆಯ ಸ್ಟಿರಾಯ್ಡ್. ಓಣಿಯವರು ಅದರ ಬಗ್ಗೆ ಮಾತಾಡುವುದಿಲ್ಲ.

ಎತ್ತರದ ಮಾತು ಪೂರಾ ಸುಳ್ಳಲ್ಲ. ವರ್ಷಗಟ್ಟಲೆ ಬಳಸಿದ ಮಕ್ಕಳಲ್ಲಿ ದೊಡ್ಡವರಾದ ಮೇಲಿನ ಎತ್ತರ ಸರಾಸರಿ ಒಂದು ಸೆಂಟಿಮೀಟರಿನಷ್ಟು ಕಡಿಮೆ ಕಂಡಿದೆ. ಹತೋಟಿಗೆ ಬಾರದ ದಮ್ಮೂ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಚಟವಂತೂ ಆಗುವುದಿಲ್ಲ. ಮೂರು ತಿಂಗಳು ರಾತ್ರಿ ಕೆಮ್ಮು, ದಮ್ಮು ಎರಡೂ ಇಲ್ಲದಿದ್ದರೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ರಾಶಿಯ ಹಂಗಾಮಿನಲ್ಲೋ ನೆಗಡಿ ಹರಡಿದಾಗಲೋ ಇಳಿಸುವುದಿಲ್ಲ, ಅಷ್ಟೇ.

ಮನ್ಯಾಗ ಪಂಪು ಹಾಕಿದ್ರ ನಮ್ಮ ಹುಡುಗಗ ನಾಟೋದೇ ಇಲ್ಲ. ದವಾಖಾನ್ಯಾಗ ಮಷೀನ್ ಹಚ್ಚಿದ್ರ ಹತ್ತು ನಿಮಿಷದಾಗ ಆರಾಮ. ಮನಿಗೊಂದು ಮಷೀನ್ ತಗೊಂಡುಬಿಡ್ಲೇನು?
— ಅಜ್ಜಿ, ಭಾಲ್ಕಿ

ಅಜ್ಜೀ, ತಗೊಳ್ಳುವ ಮೊದಲು ಪಂಪು ಹಾಕುವ ರೀತಿ ನೋಡೋಣ. ನೆಬ್ಯುಲೈಜರ್ ಎನ್ನುವ ಆ ಮಷೀನಿನಲ್ಲಿ ಹೋಗುವುದೂ ಅದೇ ಸಾಲ್ಬುಟಮಾಲ್. ಸ್ಪೇಸರ್ ಹಚ್ಚಿ ಸರಿಯಾಗಿ ಕೊಟ್ಟರೆ ಸಾಮಾನ್ಯ ದಮ್ಮಿಗೆ ಪಂಪು ಮಷೀನಿನಷ್ಟೇ ಕೆಲಸ ಮಾಡುತ್ತದೆ, ಕರೆಂಟೂ ಬೇಡ. ನಾಟಲಿಲ್ಲ ಎಂದು ಬರುವ ಮಕ್ಕಳಲ್ಲಿ ಬಹಳಷ್ಟು ಸಲ ಔಷಧ ಎದೆಗೆ ತಲುಪಿರುವುದೇ ಇಲ್ಲ.

ಪಂಪನ್ನು ನೇರ ಬಾಯಿಗಿಟ್ಟು ಒತ್ತಿದರೆ ಔಷಧದ ಬಹುಪಾಲು ಗಂಟಲಿನ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವುದೂ ಎಳೆಯುವುದೂ ಒಂದೇ ಕ್ಷಣಕ್ಕೆ ಆಗಬೇಕು, ಅದು ದೊಡ್ಡವರಿಗೇ ಕಷ್ಟ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧದ ಮೋಡವನ್ನು ಹಿಡಿದಿಡುತ್ತದೆ, ಮಗು ತನ್ನ ಪಾಡಿಗೆ ಉಸಿರಾಡಿದರೆ ಸಾಕು. ನಾಲ್ಕು ವರ್ಷದ ತನಕ ಮಾಸ್ಕ್ ಇರುವುದು ಬೇಕು. ಮೇಲಿನವರು ಬಾಯಲ್ಲಿ ಕಚ್ಚಿ ಹಿಡಿಯುವ ತುದಿಗೆ ಬರಬಹುದು. ಆಮೇಲೂ ಮಾಸ್ಕ್ ಮುಂದುವರಿಸಿದರೆ ಮೂಗಿನಲ್ಲಿ ಔಷಧ ಸೋಸಿಹೋಗುತ್ತದೆ.

ಹಾಕುವ ಕ್ರಮ ಹೀಗೆ. ಮಗುವನ್ನು ನೆಟ್ಟಗೆ ಕೂಡಿಸಿ, ಮಲಗಿಸಿ ಹಾಕಬೇಡಿ. ಪಂಪಿನ ಮುಚ್ಚಳ ತೆಗೆದು ಐದಾರು ಸಲ ಚೆನ್ನಾಗಿ ಅಲ್ಲಾಡಿಸಿ. ಹೊಸದಾದರೆ ಅಥವಾ ಬಹಳ ದಿನ ಮುಟ್ಟದೆ ಇಟ್ಟಿದ್ದರೆ ಎರಡು ಮೂರು ಪಫ್ ಗಾಳಿಗೆ ಬಿಡಿ. ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕು ಮೂಗು ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಅಂಟುವಂತೆ ಹಿಡಿಯಿರಿ. ಸಣ್ಣ ಸಂದು ಉಳಿದರೂ ಔಷಧ ಹೊರಗೆ ಹೋಗುತ್ತದೆ. ಈಗ ಒಂದೇ ಒಂದು ಪಫ್ ಒತ್ತಿ, ಐದಾರು ಉಸಿರು ಎಣಿಸಿ. ಸ್ಪೇಸರ್‌ನೊಳಗಿನ ಕವಾಟ ಪ್ರತಿ ಉಸಿರಿಗೂ ಅಲ್ಲಾಡುವುದು ಕಾಣಬೇಕು. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ಎರಡನೆಯದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ಗೋಡೆಗೆ ಅಂಟುತ್ತವೆ. ಚೀರಿ ಅಳುವ ಮಗುವಿನ ಎದೆಗೂ ಔಷಧ ಹೆಚ್ಚು ಇಳಿಯುವುದಿಲ್ಲ. ಆರಾಮ ಇರುವಾಗ ಮಾಸ್ಕನ್ನು ಆಟಿಕೆಯಂತೆ ಕೊಟ್ಟು ರೂಢಿ ಮಾಡಿಸಿ. ದಿನಾ ಹಾಕುವ ಪಂಪಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿಸಿ, ಮಾಸ್ಕ್ ಹಾಕಿದ್ದಲ್ಲಿ ಮುಖ ಒರೆಸಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರುತ್ತದೆ.

ಸ್ಪೇಸರ್ ತೊಳೆಯುವುದರಲ್ಲೂ ತಪ್ಪುತ್ತಾರೆ. ಒಳಗೆ ಬಟ್ಟೆ ತುರುಕಿ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ದ್ರವ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಉಜ್ಜದೆ ಎತ್ತಿ, ನೆರಳಲ್ಲಿ ತಾನೇ ಒಣಗಲು ಬಿಡಿ. ಸ್ಪೇಸರ್ ಕೊಳ್ಳಲು ಆಗದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂಡುವಷ್ಟು ತೂತು ಮಾಡಿ, ಸಂದಿಗೆ ಟೇಪ್ ಸುತ್ತಿ. ಬಾಟಲಿಯ ಬಾಯಿಯಿಂದ ಮಗು ಉಸಿರಾಡಲಿ. ನೋಡಲು ಚಂದ ಇಲ್ಲ, ಆದರೆ ಪರೀಕ್ಷೆಗಳಲ್ಲಿ ಇದು ಅಂಗಡಿಯ ಸ್ಪೇಸರ್‌ಗೆ ಸರಿಸಮ ನಿಂತಿದೆ.

ಪಂಪು ಖಾಲಿ ಆದದ್ದು ಗೊತ್ತಾಗದೆ ಬರಿ ಗಾಳಿ ಎಳೆದವರೂ ಬಹಳ. ಹೆಚ್ಚಿನ ಸಾಲ್ಬುಟಮಾಲ್ ಪಂಪುಗಳಲ್ಲಿ 200 ಪಫ್ ಇರುತ್ತವೆ. ಎಣಿಸುವ ಅಂಕಿ ಇಲ್ಲದಿದ್ದರೆ ಶುರು ಮಾಡಿದ ತಾರೀಖು ಬರೆದು, ದಿನದ ಪಫ್‌ನಿಂದ ಭಾಗಿಸಿ ಲೆಕ್ಕ ಇಡಿ. ನೀರಿನಲ್ಲಿ ತೇಲಿಸಿ ನೋಡುವ ಉಪಾಯ ನಂಬಬೇಡಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಿ ಪಂಪನ್ನು ಗಾಡಿಯ ಡಿಕ್ಕಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಡಬೇಡಿ. 30 ಡಿಗ್ರಿ ಒಳಗೆ ಇಡಬೇಕಾದ ಔಷಧ ಅದು.

ಇನ್ನೊಂದು. ಪುಡಿ ತುಂಬಿದ ಕ್ಯಾಪ್ಸೂಲನ್ನು ಸಾಧನದಲ್ಲಿ ಹಾಕಿ ಜೋರಾಗಿ ಎಳೆಯುವ ಬಗೆ ಆರು ವರ್ಷ ದಾಟಿದವರಿಗೆ. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಸುವವರು ಇದ್ದಾರೆ. ಅದು ಹೊಟ್ಟೆಗೆ ಹೋಗುತ್ತದೆ, ಎದೆಗಲ್ಲ.

ನಮ್ಮ ತಾಂಡಾದಿಂದ ದೊಡ್ಡ ದವಾಖಾನೆ ಬಹಳ ದೂರ. ರಾತ್ರಿ ದಮ್ಮು ಏರಿದರೆ ಗಾಡಿ ಸಿಗುವ ತನಕ ಏನು ಮಾಡಬೇಕು?
— ಚಿಂಚೋಳಿ ತಾಲೂಕಿನಿಂದ

ಮೊದಲು ಅಂಗಿ ತೆಗೆದು ಎದೆ ನೋಡಿ. ಪಕ್ಕೆಲುಬಿನ ಸಂದು, ಕೊರಳ ಕುಳಿ ಒಳಗೆ ಎಳೆಯುತ್ತಿದ್ದರೆ, ಎರಡು ಮಾತು ಒಟ್ಟಿಗೆ ಆಡಲಾಗದಿದ್ದರೆ, ಕೂಸು ಹಾಲು ಕುಡಿಯಲಾರದಿದ್ದರೆ, ತುಟಿ ನೀಲಿಯಾದರೆ, ಮಂಕಾಗಿ ತೂಕಡಿಸುತ್ತಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ಸಿಕ್ಕ ಗಾಡಿಯಲ್ಲಿ ಹೊರಡಿ. ಒದ್ದಾಡುತ್ತಿದ್ದ ಮಗುವಿನ ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಂಕಾದರೆ ಅದು ಆರಾಮ ಅಲ್ಲ. ಗಾಳಿ ಓಡಾಡುವುದೇ ಕಡಿಮೆಯಾಗಿದೆ, ಎಲ್ಲಕ್ಕಿಂತ ಕೆಟ್ಟ ಗುರುತು.

ಈ ಲಕ್ಷಣ ಇಲ್ಲದಿದ್ದರೆ ಕೂಡಿಸಿ, ಸಾಲ್ಬುಟಮಾಲ್ ಸ್ಪೇಸರ್‌ನಲ್ಲಿ ಒಂದೊಂದಾಗಿ 2 ಪಫ್, ಐದು ದಾಟಿದವರಿಗೆ 4ರ ತನಕ. 20 ನಿಮಿಷ ಕಾದು ಇಳಿಯದಿದ್ದರೆ ಮತ್ತೆ ಅಷ್ಟೇ. ಹೀಗೆ ಒಂದು ಗಂಟೆಯಲ್ಲಿ ಮೂರು ಸಲ. ಅಷ್ಟಕ್ಕೂ ಇಳಿಯದಿದ್ದರೆ, ಇಳಿದು ಮೂರು ಗಂಟೆಯೊಳಗೆ ಮರಳಿದರೆ, ಹೊರಡಲೇಬೇಕು. ನಿಮ್ಮಷ್ಟು ದೂರ ಇರುವವರು ಎರಡನೆಯ ಸುತ್ತಿಗೇ ಗಾಡಿಯ ಏರ್ಪಾಡು ಮಾಡುವುದು ಜಾಣತನ. ಜೋರು ದಮ್ಮಿನಲ್ಲಿ ದಾರಿಯುದ್ದಕ್ಕೂ 20 ನಿಮಿಷಕ್ಕೊಮ್ಮೆ 6 ಪಫ್ ತನಕ ಕೊಡಬಹುದು. ಕೈ ನಡುಗುವುದು, ಎದೆ ಬಡಿತ ಏರುವುದು ಆ ಔಷಧದ್ದೇ ಪರಿಣಾಮ, ಅದಕ್ಕೆ ಹೆದರಿ ನಿಲ್ಲಿಸಬೇಡಿ.

ಉಸಿರು ಎಣಿಸಲು ಕಲಿಯಿರಿ: ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಹೊಟ್ಟೆ ಏರುವುದನ್ನು ಎಣಿಸಿ. ಒಂದರಿಂದ ಐದು ವರ್ಷದವರಲ್ಲಿ 40 ಮುಟ್ಟಿದರೆ ಅದು ವೇಗದ ಉಸಿರು. ಮನೆಯಲ್ಲಿ ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಇದ್ದರೆ 92ಕ್ಕಿಂತ ಕೆಳಗೆ ಅಂದರೆ ಅಪಾಯ. ಕೆಮ್ಮಿನ ಸಿರಪ್ಪು, ಎದೆಗೆ ಹಚ್ಚುವ ಮುಲಾಮು, ಬಿಸಿನೀರಿನ ಹಬೆ ಇವುಗಳಿಂದ ಬಿಗಿದ ನಾಳ ಬಿಡುವುದಿಲ್ಲ, ಹಬೆಗೆ ಮೈ ಸುಟ್ಟುಕೊಳ್ಳುವುದೇ ಹೆಚ್ಚು. ಹೊಟ್ಟೆ ಎದೆಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಆದರೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಆಮ್ಲಜನಕ ಹಚ್ಚಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಪುಷ್ಯ ಮಾಸ ಬಂತೆಂದರೆ ಮಗಳಿಗೆ ದಮ್ಮು. ಬೇಸಿಗೆಯಲ್ಲಿ ಕೂಲರ್ ಹಾಕಿದರೂ ಕೆಮ್ಮು. ಅವರಪ್ಪ ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಯಾವುದನ್ನು ಬದಲಿಸಬೇಕು?
— ತಾಯಿ, ಶಹಾಬಾದ್

ಎಲ್ಲವನ್ನೂ ಬದಲಿಸಲು ಹೋಗಿ ಯಾವುದೂ ಆಗುವುದಿಲ್ಲ. ಮಗಳು ಮಲಗುವ ಕೋಣೆಯಿಂದ ಶುರು ಮಾಡಿ.

ಹಳೆಯ ಕೌದಿ, ಹತ್ತಿ ಗಾದಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಇರುತ್ತದೆ. ಅದರ ಹಿಕ್ಕೆಯೇ ಅಲರ್ಜಿಯ ಮೂಲ. ನಮ್ಮ ಒಣ ಬೇಸಿಗೆಯಲ್ಲಿ ಹುಳ ಸೊರಗುತ್ತದೆ, ಮಳೆಗಾಲದ ತೇವಕ್ಕೆ ಮತ್ತೆ ಹೆಚ್ಚುತ್ತದೆ. ಬಿಸಿಲಿಗೆ ಹಾಕಿದರೆ ಹುಳ ಸಾಯಬಹುದು, ಹಿಕ್ಕೆ ಉಳಿಯುತ್ತದೆ. ಅದಕ್ಕೇ ಹೊದಿಕೆಯನ್ನು 55-60 ಡಿಗ್ರಿಯ ಬಿಸಿನೀರಲ್ಲಿ ತೊಳೆಯಬೇಕು. ಕೌದಿ ಅಷ್ಟು ಸಲ ತೊಳೆಯಲಾಗದು ಎಂದಾದರೆ ಅದಕ್ಕೆ ತೊಳೆಯಬಹುದಾದ ಗವಸು ಹೊಲಿಸಿ. ಕೊಡವುವುದು ಮಗಳು ಶಾಲೆಗೆ ಹೋದ ಮೇಲೆ, ಮನೆಯ ಹೊರಗೆ.

ಕೂಲರ್‌ನಲ್ಲಿ ತೊಂದರೆ ತಂಪಿನದಲ್ಲ. ಒಳಗಿನ ಹುಲ್ಲು ವರ್ಷಗಟ್ಟಲೆ ನೆನೆದು ಬೂಷ್ಟು ಹಿಡಿದಿರುತ್ತದೆ, ಫ್ಯಾನು ಅದನ್ನೇ ಮಗುವಿನ ಮುಖಕ್ಕೆ ಊದುತ್ತದೆ. ಪ್ರತಿ ಬೇಸಿಗೆಗೂ ಮೊದಲು ಹುಲ್ಲು ಬದಲಿಸಿ. ಎರಡು ಮೂರು ದಿನಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ತಿಕ್ಕಿ ಒಣಗಿಸಿ, ಡೆಂಗಿಯ ಸೊಳ್ಳೆಗೂ ಇದೇ ಮದ್ದು. ನಿಲ್ಲಿಸುವ ಮುನ್ನ ನೀರಿನ ಪಂಪು ಬಂದ್ ಮಾಡಿ ಅರ್ಧ ಗಂಟೆ ಬರಿ ಫ್ಯಾನು ಓಡಿಸಿ. ಎದುರಿನ ಕಿಟಕಿ ತೆರೆದಿರಲಿ, ಕೋಣೆ ಮುಚ್ಚಿದರೆ ತೇವ ನಿಂತು ಗೋಡೆಗೂ ಬೂಷ್ಟು.

ಪುಷ್ಯದ ದಮ್ಮಿಗೆ ಮೂರು ಕಾರಣ ಕೂಡುತ್ತವೆ: ನಸುಕಿನ ಚಳಿ, ನೆಗಡಿಯ ವೈರಾಣು, ತೊಗರಿ ರಾಶಿ. ರಾಶಿ ಮಷೀನಿನ ಹೊಟ್ಟು ಹಾರುವಾಗ ಒದ್ದೆ ಟವೆಲ್ ಕಟ್ಟಿಕೊಂಡರೆ ದಪ್ಪ ಕಸ ತಡೆದೀತು, ಸಣ್ಣ ಧೂಳು ತಡೆಯದು. ಮಗಳನ್ನು ಕಣಕ್ಕೆ ಕರೆದೊಯ್ಯಲೇಬೇಡಿ. ತೊಗರಿ ಚೀಲಗಳನ್ನು ಮಲಗುವ ಕೋಣೆಯಲ್ಲಿ ಒಟ್ಟಬೇಡಿ. ತೊಗರಿ ಕಟ್ಟಿಗೆಯ ಒಲೆ ಉರಿಸುವುದಾದರೆ ಮಗು ಒಲೆಯ ಮುಂದೆ ಕಾಯಿಸಿಕೊಳ್ಳುತ್ತ ಕೂಡದಿರಲಿ. ಬೀಡಿ, ಸೊಳ್ಳೆ ಕಾಯಿಲ್, ಲೋಬಾನ, ಊದಿನಕಡ್ಡಿ ಎಲ್ಲವೂ ಹೊಗೆಯೇ, ದೇವರ ಮುಂದಿನದು ಬೇರೆ ಅಲ್ಲ. ಸೊಳ್ಳೆಗೆ ಪರದೆ ಕಟ್ಟಿ. ಅವರಪ್ಪ ಕೆಲಸದ ಬಟ್ಟೆ ಹೊರಗೇ ಬಿಚ್ಚಿ, ಕೈಕಾಲು ತಲೆ ತೊಳೆದು ಆಮೇಲೆ ಮಗಳನ್ನು ಎತ್ತಿಕೊಳ್ಳಲಿ. ಕಲ್ಲಿನ ಪುಡಿ ಅವರ ಎದೆಗೂ ಒಳ್ಳೆಯದಲ್ಲ, ಕೆಲಸದಲ್ಲಿ ನೀರು ಹರಿಸಿ ಕೊರೆಯುವುದು, ಎನ್95 ಮಾಸ್ಕ್ ಎರಡೂ ಬೇಕು.

ಮಳೆಯ ನಂತರ ದಮ್ಮು ಏರಿದರೆ ಹಿತ್ತಿಲಿನ ಕಾಂಗ್ರೆಸ್ ಗಿಡ ನೋಡಿ. ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ದೊಡ್ಡವರು ಕಿತ್ತು ಹಾಕಲಿ.

ಬಾಳೆಹಣ್ಣು, ಮೊಸರು, ಪೇರಲ ಬಿಡಿಸಬೇಕೆ?
— ಹುಮನಾಬಾದ್

ಬೇಡ. ಯಾವುದಾದರೂ ಒಂದನ್ನು ತಿಂದಾಗಲೆಲ್ಲ ಒಂದೆರಡು ಗಂಟೆಯಲ್ಲಿ ದಮ್ಮು ಬಂದರೆ ಅದೊಂದನ್ನು ಬಿಡಿಸಿ. ಮಕ್ಕಳ ಹೊಟ್ಟೆಗೆ ಬರುವ ಹಣ್ಣೇ ಕಡಿಮೆ, ಅದನ್ನೂ ಕಸಿದುಕೊಂಡರೆ ಹೇಗೆ?

ಮೃಗಶಿರ ಕೂಡುವಾಗ ಹೈದರಾಬಾದಿನ ನಾಂಪಲ್ಲಿಯಲ್ಲಿ ಕೊಡುವ ಮೀನಿನ ಮದ್ದನ್ನು ಮೂರು ವರ್ಷ ಸತತ ಕೊಡಿಸಿದರೆ ಪೂರಾ ಹೋಗುತ್ತದೆ ಎನ್ನುತ್ತಾರೆ. ಹೋಗಬಹುದೆ?
— ಬೀದರ್

ನಮ್ಮ ಜಿಲ್ಲೆಗಳಿಂದ ಪ್ರತಿ ಜೂನ್‌ನಲ್ಲಿ ಜನ ಹೋಗುವುದು ಗೊತ್ತಿದೆ. ಹಳದಿ ಮದ್ದು ಇಟ್ಟ ಜೀವಂತ ಮರಿಮೀನನ್ನು ನುಂಗಿಸುತ್ತಾರೆ, ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಅದು ಅಸ್ತಮಾ ಗುಣಪಡಿಸುತ್ತದೆ ಎನ್ನಲು ವೈದ್ಯಕೀಯ ಆಧಾರ ಇಲ್ಲ. ಮೂರು ವರ್ಷದ ಮಾತಿಗೆ ಒಂದು ವಿವರಣೆ ಇದೆ: ನೆಗಡಿ ಬಂದಾಗ ಮಾತ್ರ ಸುಂಯ್ ಎನ್ನುವ ಪುಟ್ಟ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಆರು ವರ್ಷದ ಹೊತ್ತಿಗೆ ಅದು ತಾನೇ ನಿಲ್ಲುತ್ತದೆ. ಯಾವುದನ್ನು ಕೊಟ್ಟಿದ್ದರೂ ಹೆಸರು ಅದಕ್ಕೇ ಬರುತ್ತಿತ್ತು. ನಂಬಿಕೆಯಿಂದ ಹೋಗುವವರೊಡನೆ ನಮಗೆ ಜಗಳ ಇಲ್ಲ. ಆದರೆ ಸಣ್ಣ ಮಗುವಿನ ಗಂಟಲಲ್ಲಿ ಮೀನು ಸಿಕ್ಕಿಕೊಳ್ಳುವ ಭಯ ಇದೆ, ನೂಕುನುಗ್ಗಲು ಇದೆ. ಹೋಗುವವರು ಪಂಪು ಸ್ಪೇಸರ್ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದ ಮೇಲೆ ದಿನದ ಪಂಪು ನಿಲ್ಲಿಸಬೇಡಿ.

ನಮ್ಮ ಶಾಲೆಯಲ್ಲಿ ಇಬ್ಬರು ಮಕ್ಕಳಿಗೆ ದಮ್ಮು ಇದೆ. ಆಟದ ಪಿರಿಯಡ್‌ನಲ್ಲಿ ಕೂಡಿಸಿಬಿಡುತ್ತೇವೆ. ಸರಿಯೇ?
— ಶಿಕ್ಷಕ, ಸುರಪುರ

ಕೂಡಿಸಬೇಡಿ, ಗುರುಗಳೇ. ಹತೋಟಿಯಲ್ಲಿರುವ ಮಗು ಎಲ್ಲರಂತೆ ಕಬಡ್ಡಿ, ಖೋಖೋ ಆಡಬಹುದು. ಓಡಿದಾಗ ಒಣ ಗಾಳಿ ಬಾಯಿಯಿಂದ ಒಳಹೋಗಿ ನಾಳದ ತೇವ ಹೀರುತ್ತದೆ, ಅದಕ್ಕೆ ನಾಳ ಬಿಗಿಯುತ್ತದೆ. ಆಟ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಕೆಮ್ಮು ಜೋರಾಗುವುದು ಇದರಿಂದಲೇ. ವೈದ್ಯರು ಹೇಳಿದ್ದರೆ ಆಟಕ್ಕೆ 10-15 ನಿಮಿಷ ಮೊದಲು ಸಾಲ್ಬುಟಮಾಲ್ ಪಂಪಿನ 2 ಪಫ್ ಹಾಕಿಸಿ. ಒಮ್ಮೆಲೇ ಓಡಿಸದೆ ಹತ್ತು ನಿಮಿಷ ನಡಿಗೆ, ನಿಧಾನದ ಓಟದಿಂದ ಮೈ ಕಾಯಿಸಿ. ಪ್ರತಿ ಆಟಕ್ಕೂ ಪಂಪು ಬೇಕಾಗುತ್ತಿದ್ದರೆ ದಮ್ಮು ಹತೋಟಿಯಲ್ಲಿ ಇಲ್ಲ ಎಂದರ್ಥ, ಪಾಲಕರಿಗೆ ತಿಳಿಸಿ.

ಆ ಇಬ್ಬರನ್ನು ಕರಿಹಲಗೆಯಿಂದ ದೂರದ ಬೆಂಚಿಗೆ ಕೂಡಿಸಿ, ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಸ ಗುಡಿಸುವ ಪಾಳಿ ಅವರಿಗೆ ಬೇಡ. ಪಾಲಕರಿಂದ ಹೆಸರು ಬರೆದ ಪಂಪು, ಸ್ಪೇಸರ್, ಎಷ್ಟು ಪಫ್ ಎಂಬ ವೈದ್ಯರ ಚೀಟಿ, ಫೋನ್ ನಂಬರು ತರಿಸಿಕೊಳ್ಳಿ. ಮುಖ್ಯ ಗುರುಗಳ ಕಪಾಟಿಗೆ ಬೀಗ ಹಾಕಿ ಇಟ್ಟರೆ ಅವರು ಮೀಟಿಂಗಿಗೆ ಹೋದ ದಿನವೇ ಬೇಕಾಗುತ್ತದೆ. ತರಗತಿಯಲ್ಲೇ, ಬೀಗ ಇಲ್ಲದ ಎತ್ತರದ ಗೂಡಿನಲ್ಲಿ ಇಡಿ, ಕನಿಷ್ಠ ಇಬ್ಬರು ಶಿಕ್ಷಕರಿಗೆ ಹಾಕುವ ರೀತಿ ಗೊತ್ತಿರಲಿ.